ದೋಣಿಯ ಗಾಡಿಗೆ ಎರಡು ಕಂಬಗಳು

ಚಿತ್ರದುರ್ಗದಂಥ ಬಯಲುಸೀಮೆಯ ಜಿಲ್ಲೆಯಲ್ಲಿದ್ದುಕೊಂಡು ದೋಣಿಯ ವಿಚಾರವನ್ನು ಬರೆಯುವುದು ಕೆಲವು ವಾಚಕರಿಗೆ ನಗೆ ತರಿಸಬಹುದು. ಆದರೆ ನೀರು ಅಪರೂಪವಾದ ನಾಡಿನಲ್ಲಿ ಜನರಿಗೆ ನೀರಿನ ಪರಿಚಯವೂ ಅಪರೂಪ; ಆದುದರಿಂದಲೇ ಅಪಾಯ ಹೆಚ್ಚು. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ ಕಟ್ಟಿದ ವಾಣೀವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಹರಿದ ಈ ಜಲಾಶಯವು ಮತ್ತೆ ಕೋಡಿ ಬಿದ್ದುದು 2022ರಲ್ಲಿ, ಎಂದರೆ 89 ವರ್ಷಗಳ ತರುವಾಯ. ಸಿರಿಗೆರೆಗೆ ಸಮೀಪದ ಭರಮಸಾಗರದ ಕೆರೆಗೆ ತುಂಗಭದ್ರೆಯ ನೀರನ್ನು ಕೊಳವೆಗಳಲ್ಲಿ ಎತ್ತಿ ತಂದು ತುಂಬಿಸಲಾಗಿದೆ. ಕೆರೆಯಂಗಳವನ್ನು ಒಣನೆಲವೆಂದೇ ಬಲ್ಲ ಮಕ್ಕಳ ಮುಂದೆ ಒಮ್ಮೆಲೇ ಆಳುದ್ದ ನೀರು ನಿಂತರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಡೆಗಳಲ್ಲಿ ರಕ್ಷಣೆಯ ದೋಣಿಯು ರಸ್ತೆಯ ಮೇಲೆಯೇ ಬರಬೇಕು. ನಮ್ಮ ಹಿರಿಯರ ಹರಿಗೋಲಿಗೆ ಈ ತೊಂದರೆ ಇರಲಿಲ್ಲ. ಬಿದಿರಿನ ಹಂದರದ ಆ ದುಂಡು ದೋಣಿಯನ್ನು ಒಬ್ಬನೇ ಬೆನ್ನಮೇಲೆ ಕವುಚಿಕೊಂಡು ನಡೆಯುತ್ತಿದ್ದನು. ಎಂಜಿನ್ ಕೂಡಿಸಿದ ಇಂದಿನ ದೋಣಿಗಾದರೋ ಟ್ರೇಲರ್ ಬೇಕು. ಟ್ರೇಲರನ್ನು ಹಿಮ್ಮುಖವಾಗಿ ನೀರಿಗೆ ಇಳಿಸಿ ದೋಣಿಯನ್ನು ತೇಲಿಬಿಡುವುದು ಸುಲಭ; ತೇಲುವ ದೋಣಿಯನ್ನು ಮುಳುಗಿದ ಟ್ರೇಲರಿನ ನಡುವಿಗೆ ಮರಳಿ ತರುವುದು ಕಷ್ಟ. ಈ ಕಷ್ಟವನ್ನು ನಿವಾರಿಸಲು ಟ್ರೇಲರಿನ ಹಿಂಬದಿಯ ಎರಡು ಪಕ್ಕಗಳಲ್ಲಿ ನಿಲ್ಲಿಸುವ ಕಂಬಗಳಿಗೆ ಗೈಡ್ ಪೋಸ್ಟ್ ಎಂದು ಹೆಸರು. ನಾವು ಅವನ್ನು ದಾರಿಗಂಬಗಳೆನ್ನೋಣ.

"ಇದೇನು ಮಹಾ! ಇಬ್ಬರು ಹುಡುಗರು ನೀರಿಗಿಳಿದು ದೋಣಿಯನ್ನು ಹಿಡಿದುಕೊಂಡರೆ ಸಾಲದೇ?" ಎಂದು ಕೇಳುವವರುಂಟು. ಸಾಲದು ಎಂಬುದೇ ಈ ಲೇಖಕನ ಅಭಿಪ್ರಾಯ. ಕಾರಣವನ್ನು ಭೌತಶಾಸ್ತ್ರದಲ್ಲಿ ನೋಡಬಹುದು.

300 ಕಿಲೋಗ್ರಾಂ ತೂಕದ ಒಂದು ದೋಣಿಯನ್ನು ತೆಗೆದುಕೊಳ್ಳೋಣ. ಅದರ ಪಕ್ಕದ ಮೈಯ ವಿಸ್ತಾರ 2 ಚದರ ಮೀಟರ್ ಇರಲಿ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಅದನ್ನು ಸುಮಾರು 30 ನ್ಯೂಟನ್ ಬಲದಿಂದ, ಎಂದರೆ 3 ಕಿಲೋಗ್ರಾಮಿನ ತೂಕದಷ್ಟು ಬಲದಿಂದ, ತಳ್ಳುತ್ತದೆ. ನೆಲದ ಮೇಲಿರುವ ದೋಣಿ ಇದಕ್ಕೆ ಕದಲುವುದೇ ಇಲ್ಲ. ಘರ್ಷಣೆ ಅದನ್ನು ಹಿಡಿದಿಟ್ಟಿರುತ್ತದೆ. ನೀರಿನ ಮೇಲೆ ಅಂಥ ಹಿಡಿತವಿಲ್ಲ. ಎಷ್ಟೇ ಸಣ್ಣ ಬಲವಾದರೂ ದೋಣಿಯನ್ನು ಸರಿಸತೊಡಗುತ್ತದೆ. ನೀರಿನ ತಡೆಯನ್ನು ಗಣಿಸದಿದ್ದರೆ 3 ಸೆಕೆಂಡಿನಲ್ಲಿ ಅದು 45 ಸೆಂಟಿಮೀಟರ್ ಸರಿಯಬೇಕು; ತಡೆಯನ್ನು ಗಣಿಸಿದರೆ ಇಷ್ಟಕ್ಕಿಂತ ಕಡಿಮೆ. ಗಾಳಿಯ ವೇಗ ಇಮ್ಮಡಿಯಾದರೆ ಬಲವು ನಾಲ್ಮಡಿಯಾಗುತ್ತದೆ. ಹೀಗೆ ಸರಿಯುವ ದೋಣಿಗೂ ಉಕ್ಕಿನ ಚೌಕಟ್ಟಿಗೂ ನಡುವೆ, ಎದೆಯುದ್ದ ನೀರಿನಲ್ಲಿ, ಕೆಸರಿನಲ್ಲಿ ಕಾಲೂರಿ ನಿಲ್ಲುವವನೇ ನಮ್ಮ ಆ ಹುಡುಗ!

ಕಣ್ಣೂ ಇಲ್ಲಿ ನಂಬತಕ್ಕದ್ದಲ್ಲ. ತಿಳಿನೀರಿನಲ್ಲಿ ವಕ್ರೀಭವನದ ಕಾರಣದಿಂದ 80 ಸೆಂಟಿಮೀಟರ್ ಆಳದಲ್ಲಿರುವ ವಸ್ತು, ನೇರವಾಗಿ ಮೇಲಿನಿಂದ ನೋಡಿದಾಗ, 60 ಸೆಂಟಿಮೀಟರ್ ಆಳದಲ್ಲಿದ್ದಂತೆ ತೋರುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಾದರೋ ಟ್ರೇಲರ್ ಕಾಣುವುದೇ ಇಲ್ಲ. ಆದುದರಿಂದ ಮುಳುಗಿದ ಗಾಡಿ ಎಲ್ಲಿದೆಯೆಂಬುದನ್ನು ನೀರಿನ ಮೇಲೆ ಸಾರುವ ಗುರುತು ಬೇಕು. ದಾರಿಗಂಬದ ಮೊದಲ ಕೆಲಸ ಇದು. ಸರಿಯುವ ದೋಣಿಯನ್ನು ತಡೆಯುವುದು ಎರಡನೆಯದು.

ಕಂಬಗಳ ಆಯ್ಕೆಯಲ್ಲಿ ಎತ್ತರವೇ ಮುಖ್ಯ ಪ್ರಶ್ನೆ. ಟ್ರೇಲರ್ ಪೂರ್ಣ ಮುಳುಗಿದಾಗಲೂ ತುದಿಯು ತೇಲುವ ದೋಣಿಯ ಅಂಚಿಗಿಂತ ಮೇಲಿರಬೇಕು. ಇಲ್ಲದಿದ್ದರೆ ದೋಣಿ ಕಂಬವನ್ನೇ ಏರಿಬಿಡುತ್ತದೆ. ಹಾಗೆಂದು ವಿನಾಕಾರಣ ಎತ್ತರಿಸಲೂ ಕೂಡದು. ಬುಡದಲ್ಲಿ ಬಿಗಿದ ಕಂಬದ ತುದಿಯನ್ನು ತಳ್ಳಿದಾಗ ಬುಡದ ಮೇಲಣ ಭಾರವು ಬಲ ಮತ್ತು ಎತ್ತರಗಳ ಗುಣಲಬ್ಧದಷ್ಟಿರುತ್ತದೆ. ತುದಿಯ ಬಾಗಾದರೋ ಎತ್ತರದ ಘನವನ್ನು ಅನುಸರಿಸುತ್ತದೆ. ಎತ್ತರ ಇಮ್ಮಡಿಯಾದರೆ ಬಾಗು ಎಂಟು ಪಟ್ಟು! ಸರಳಿಗಿಂತ ಕೊಳವೆ ಮೇಲು. ಒಂದೇ ತೂಕದ ಉಕ್ಕನ್ನು ನಡುವಿನಿಂದ ದೂರಕ್ಕೆ ಹರಡಿದರೆ ಅದು ಬಾಗುವುದು ಕಡಿಮೆ. ಟೊಳ್ಳು ಬಿದಿರು ಗಾಳಿಗೆ ನಿಲ್ಲುವ ಗುಟ್ಟೂ ಇದೇ.

ಸತುವಿನ ಲೇಪವುಳ್ಳ ಜಿ.ಐ. ಪೈಪು ಈ ಕೆಲಸಕ್ಕೆ ತಕ್ಕದ್ದು. ಅದರ ಮೇಲೆ ಸಡಿಲವಾಗಿ ತಿರುಗುವ ಪಿ.ವಿ.ಸಿ. ಕೊಳವೆಯನ್ನು ತೊಡಿಸಿದರೆ ದೋಣಿಯ ಮೈ ಉಜ್ಜುವುದಿಲ್ಲ. ಬಿಳಿಯ ಬಣ್ಣ ಮುಸ್ಸಂಜೆಯಲ್ಲಿಯೂ ಕಾಣುತ್ತದೆ. ಪೈಪಿನ ಮೇಲ್ತುದಿಗೆ ಮುಚ್ಚಳವೂ ತಗ್ಗಿನಲ್ಲಿ ನೀರು ಬಸಿಯಲು ಸಣ್ಣ ರಂಧ್ರವೂ ಇರಲಿ.

ಜೋಡಿಸುವಾಗ ಟ್ರೇಲರಿನ ಮುಖ್ಯ ತೊಲೆಗೆ ತೂತು ಕೊರೆಯುವುದು ಒಳ್ಳೆಯದಲ್ಲ. ತೂತು ತೊಲೆಯನ್ನು ದುರ್ಬಲಗೊಳಿಸುತ್ತದೆ. ಕೊರೆದಲ್ಲಿ ಲೇಪ ಹೋಗಿ ತುಕ್ಕು ಹಿಡಿಯುತ್ತದೆ. ತೊಲೆಯನ್ನು ಅಪ್ಪಿ ಹಿಡಿಯುವ ಯು-ಬೋಲ್ಟುಗಳನ್ನು ಪ್ರತಿ ಕಂಬಕ್ಕೆ ಎರಡರಂತೆ ಹಾಕಿ ದಪ್ಪ ತಗಡಿನ ಮೇಲೆ ಬಿಗಿಯಬೇಕು. ಒಂದೇ ಬೋಲ್ಟಾದರೆ ಕಂಬ ಅದರ ಸುತ್ತ ತಿರುಗುವ ಭಯವುಂಟು. ದೋಣಿಯನ್ನು ಟ್ರೇಲರಿನ ನಟ್ಟನಡುವೆ ಕೂರಿಸಿ, ಅದರ ಅತ್ಯಂತ ಅಗಲವಾದ ಭಾಗವನ್ನು ಅಳೆದು, ಪ್ರತಿ ಪಕ್ಕದಲ್ಲಿಯೂ ಮೂರು ನಾಲ್ಕು ಸೆಂಟಿಮೀಟರ್ ಎಡೆ ಬಿಡಬೇಕು. ಎಡೆ ಕಡಿಮೆಯಾದರೆ ದೋಣಿ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಕಂಬವಿದ್ದೂ ಇಲ್ಲದಂತೆ. ಕಂಬಗಳು ರಸ್ತೆಯ ನಿಯಮ ಒಪ್ಪುವ ಅಗಲವನ್ನು ಮೀರಬಾರದು. ನೂರಾರು ಕಿಲೋಮೀಟರ್ ಅಲುಗಾಟದಲ್ಲಿ ನಟ್ಟುಗಳು ಸಡಿಲವಾಗುವುದರಿಂದ ಪ್ರತಿ ಪ್ರಯಾಣಕ್ಕೆ ಮುಂಚೆ ಅವನ್ನು ಪರೀಕ್ಷಿಸಬೇಕು.

ಇನ್ನೊಂದು ಎಚ್ಚರಿಕೆ. ಹುಲ್ಲಿನ ಗಾಡಿಯ ಅಂಚಿನ ಗೂಟಗಳು ಹೊರೆಯನ್ನು ತಡೆಯುತ್ತವೆ; ದಾರಿಗಂಬಗಳು ಆ ಜಾತಿಯವಲ್ಲ. ಪ್ರಯಾಣದಲ್ಲಿ ದೋಣಿಯನ್ನು ಪಟ್ಟಿಗಳಿಂದ ಚೌಕಟ್ಟಿಗೇ ಬಿಗಿಯಬೇಕಲ್ಲದೆ ಕಂಬಕ್ಕೆ ಕಟ್ಟಬಾರದು.

ಇದರಲ್ಲಿ ಯಾವುದೂ ಹೊರನಾಡಿನಿಂದ ತರಿಸಬೇಕಾದ ವಸ್ತುವಲ್ಲ. ಟ್ರ್ಯಾಕ್ಟರಿನ ಟ್ರೇಲರನ್ನು ಕಟ್ಟಬಲ್ಲ ಯಾವ ವೆಲ್ಡಿಂಗ್ ಅಂಗಡಿಯಾದರೂ ಇದನ್ನು ಮಾಡಬಲ್ಲುದು. ಕೊರತೆಯಿರುವುದು ವಸ್ತುವಿನಲ್ಲಲ್ಲ, ನಮ್ಮ ಎಣಿಕೆಯಲ್ಲಿ. ದೋಣಿಯನ್ನು ಕೊಳ್ಳುವಾಗ ಎಂಜಿನ್ನಿನ ಶಕ್ತಿಯನ್ನು ವಿಚಾರಿಸುತ್ತೇವೆ. ಅದನ್ನು ನೀರಿಗಿಳಿಸಿ ಮೇಲೆತ್ತುವವರ ಪಾಡನ್ನು ವಿಚಾರಿಸುವುದಿಲ್ಲ. ಆಳು ಅಗ್ಗವಾಗಿ ಸಿಕ್ಕುವಲ್ಲಿ ಉಪಕರಣ ದುಬಾರಿಯೆಂದು ತೋರುವುದು ನಮ್ಮ ಹಳೆಯ ರೋಗ. ರಕ್ಷಿಸಲು ಹೋದವರಲ್ಲಿ ಒಬ್ಬನು ಗಾಡಿಗೂ ದೋಣಿಗೂ ನಡುವೆ ಸಿಕ್ಕಿಬಿದ್ದರೆ ಆ ಉಳಿತಾಯಕ್ಕೆ ಏನು ಬೆಲೆ? ರಕ್ಷಣೆಗೆಂದು ಕೊಳ್ಳುವ ಪ್ರತಿಯೊಂದು ದೋಣಿಯ ಪಟ್ಟಿಯಲ್ಲಿಯೂ ಟ್ರೇಲರ್ ಮತ್ತು ಅದರ ದಾರಿಗಂಬಗಳು ಸೇರಲೇಬೇಕು.

ವಿದ್ಯಾರ್ಥಿಗಳು ಇದನ್ನು ಪರೀಕ್ಷೆಯ ವಿಷಯವಲ್ಲವೆಂದು ಬದಿಗಿಡದಿರಲಿ. ಒಂದು ತೊಟ್ಟಿಯ ನೀರು, ಒಂದು ಮರದ ದೋಣಿ, ತಂತಿಯ ಚೌಕಟ್ಟು, ಎರಡು ಕಡ್ಡಿಗಳು ಮತ್ತು ಒಂದು ಬೀಸಣಿಗೆ ಇದ್ದರೆ ಈ ಪ್ರಯೋಗವನ್ನು ಮನೆಯಲ್ಲಿಯೇ ಮಾಡಬಹುದು. ಕಡ್ಡಿಗಳಿಲ್ಲದೆ ಹತ್ತು ಬಾರಿ, ಕಡ್ಡಿಗಳೊಡನೆ ಹತ್ತು ಬಾರಿ ದೋಣಿಯನ್ನು ಚೌಕಟ್ಟಿನೊಳಕ್ಕೆ ತಂದು, ಎಷ್ಟು ಬಾರಿ ಅದು ನಡುವೆ ಕೂತಿತೆಂದು ಬರೆದಿಟ್ಟು ನೋಡಲಿ.