ಹರ್ನ್‌ಡನ್ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಬೇಡಿ



"ಗುಲಾಮನಾಗಿ ಹುಟ್ಟಿದ, ಶ್ರೀಮಂತನಾದ, ಯಾರ ಹತ್ರಾನೂ ಮೀಸಲಾತಿ ಕೇಳಲಿಲ್ಲ." ಅಮೆರಿಕದ ಅಲಾಂಜೊ ಹರ್ನ್‌ಡನ್ ಕಥೆ ಇಟ್ಕೊಂಡು ನಮಗೆ ಹೀಗೆ ಬುದ್ಧಿ ಹೇಳೋರಿದ್ದಾರೆ. ನಮ್ಮವರೂ ಕೆಲವರು ಚಪ್ಪಾಳೆ ತಟ್ತಾರೆ. ಸ್ವಾಮಿ, ಅರ್ಧ ಕಥೆ ಹೇಳಬೇಡಿ.

ಆತ ಹುಟ್ಟಿದ್ದು 1858ರಲ್ಲಿ, ಜಾರ್ಜಿಯಾದಲ್ಲಿ. ತಾಯಿ ಗುಲಾಮಳು, ತಂದೆ ಆಕೆಯ ಬಿಳಿಯ ಯಜಮಾನ. ಕ್ಷೌರ ಕಲಿತು ಅಟ್ಲಾಂಟಾದ ಪೀಚ್‌ಟ್ರೀ ಬೀದಿಯಲ್ಲಿ ಭರ್ಜರಿ ಅಂಗಡಿ ಇಟ್ಟ. ಕತ್ತರಿ ಹಿಡಿಯೋರು ಕಪ್ಪು ಜನ, ಕುರ್ಚಿ ಮೇಲೆ ಕೂರೋರು ಬಿಳಿಯರು ಮಾತ್ರ. ನಮ್ಮೂರುಗಳ ಕ್ಷೌರದಂಗಡಿ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾ? 1906ರ ಹತ್ಯಾಕಾಂಡದಲ್ಲಿ ಬಿಳಿಯರ ಗುಂಪು ಆ ಅಂಗಡಿಯನ್ನೂ ಬಿಡಲಿಲ್ಲ.

ಕ್ಷೌರಿಕ ವಿಮೆಗೆ ಯಾಕೆ ಬಂದ? 1881ರಲ್ಲಿ ಪ್ರುಡೆನ್ಶಿಯಲ್ ಕಂಪನಿ ಒಂದು ನಿಯಮ ತಂತು. ಕಪ್ಪು ಜನರೂ ಬಿಳಿಯರಷ್ಟೇ ಕಂತು ಕಟ್ಟಬೇಕು, ಆದ್ರೆ ಸತ್ತಾಗ ಮನೆಯವರಿಗೆ ಸಿಗೋದು ಮೂರನೇ ಒಂದು ಭಾಗ ಕಮ್ಮಿ. ಆಮೇಲೆ ಅದೇ ಕಂಪನಿಯ ಅಂಕಿಅಂಶ ತಜ್ಞ ಫ್ರೆಡರಿಕ್ ಹಾಫ್‌ಮನ್ 1896ರಲ್ಲಿ ಪುಸ್ತಕವನ್ನೇ ಬರೆದ: ಇವರು ಬೇಗ ಸಾಯೋದು ಬಡತನದಿಂದಲ್ಲ, ಹುಟ್ಟಿನಿಂದ ಬಂದ ಗುಣದಿಂದ ಅಂತ! ಡುಬಾಯ್ಸ್ ಅದನ್ನ ಸರಿಯಾಗೇ ಜಾಡಿಸಿದರು. ಯುರೋಪಿನ ಬಿಳಿಯರ ಊರುಗಳಲ್ಲೂ ಇಂಥದ್ದೇ ಸಾವಿನ ಪ್ರಮಾಣ ಇತ್ತು. ಆದ್ರೂ ಕಂಪನಿಗಳು ನಂಬಿದ್ದು ಹಾಫ್‌ಮನ್‌ನನ್ನೇ. ಗುಮಾಸ್ತಗಿರಿ ಮಾಡೋ ನಂಗೆ ಇದು ಗೊತ್ತು, ಜಾತಿಯನ್ನ ಕೋಷ್ಟಕದಲ್ಲಿ ಕೂರಿಸಿಬಿಟ್ರೆ ಯಾರೂ ಅದನ್ನ ಜಾತಿ ಅನ್ನಲ್ಲ.

ಕಪ್ಪು ಜನ ಚರ್ಚುಗಳಲ್ಲಿ ಚಿಲ್ಲರೆ ಕೂಡಿಸಿ, ಕಾಯಿಲೆಗೆ, ಹೆಣ ಮಣ್ಣು ಮಾಡೋಕೆ ಸಂಘ ಕಟ್ಕೊಂಡಿದ್ದರು. 1905ರಲ್ಲಿ ಜಾರ್ಜಿಯಾ ಸರ್ಕಾರ 5000 ಡಾಲರ್ ಠೇವಣಿ ಇಡಿ ಅಂದಾಗ ಅವು ತತ್ತರಿಸಿದವು. ಪಾದ್ರಿಗಳು ನಡೆಸ್ತಿದ್ದ ಅಂಥ ಒಂದು ಸಂಘವನ್ನ ಹರ್ನ್‌ಡನ್ 140 ಡಾಲರಿಗೆ ತಗೊಂಡು, ಠೇವಣಿಯನ್ನೂ ಕಟ್ಟಿದ. ಅಟ್ಲಾಂಟಾ ಲೈಫ್ ಹುಟ್ಟಿದ್ದು ಹೀಗೆ. ಜಾಣ ವ್ಯಾಪಾರಿ, ಒಪ್ಪೋಣ. ಆದ್ರೆ ಬಂಡವಾಳ ಬೆಳೆದದ್ದು ಬಟ್ಟೆ ಒಗೆಯೋ ಹೆಂಗಸರು, ಕೂಲಿಯವರು ವಾರವಾರ ಕೊಟ್ಟ ಬಿಡಿಗಾಸಿನಿಂದ.

ಆ ದುಡ್ಡು ಎಲ್ಲಿಗೆ ಹೋಯ್ತು ನೋಡಿ. 1949ರಲ್ಲಿ ವಿಮಾಗಣಿತ ಓದಿದ ಜೆಸ್ಸಿ ಹಿಲ್ ಅದೇ ಕಂಪನಿ ಸೇರಿದ. ಚಳವಳಿಯ ಹುಡುಗರಿಗೆ ಜಾಮೀನಿನ ಹಣ ಹೋಗ್ತಿದ್ದುದು ಅಲ್ಲಿಂದ. 1961ರಲ್ಲಿ ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನ ಜಾರ್ಜಿಯಾ ವಿಶ್ವವಿದ್ಯಾಲಯದೊಳಕ್ಕೆ ಕಳಿಸೋ ಹೋರಾಟದ ಹಿಂದೆ ಆತ ಇದ್ದ. 1973ರಲ್ಲಿ ಕಂಪನಿಯ ಅಧ್ಯಕ್ಷನೂ ಆದ. ಮೀಸಲಾತಿ ವಿರೋಧಿಗಳ ಭಾಷಣದಲ್ಲಿ ಈ ಹಿಲ್ ಬರೋದೇ ಇಲ್ಲ.

ಇನ್ನು ನಮ್ಮವರಿಗೆ ಒಂದು ಮಾತು. 1946ರಲ್ಲಿ ಡುಬಾಯ್ಸ್‌ಗೆ ಪತ್ರ ಬರೆದ ಬಾಬಾಸಾಹೇಬರು, ಮರುವರ್ಷ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಕೇಳಿದ್ದು ದಲಿತ ಕೋಟ್ಯಧಿಪತಿಗಳನ್ನಲ್ಲ. ವಿಮೆ ಪೂರ್ತಿ ಸರ್ಕಾರದ ಕೈಲಿರಬೇಕು, ಪ್ರತಿಯೊಬ್ಬ ವಯಸ್ಕ ನಾಗರಿಕನಿಗೂ ಕಡ್ಡಾಯವಾಗಿ ಇರಬೇಕು ಅಂದರು. 1956ರಲ್ಲಿ ಎಲ್‌ಐಸಿ ಬಂತು. 2022ರಲ್ಲಿ ಅದರ ಷೇರು ಮಾರಾಟಕ್ಕಿಟ್ಟರು. ಹರ್ನ್‌ಡನ್‌ಗೆ ಚಪ್ಪಾಳೆ ತಟ್ಟೋ ಒಬ್ರೂ ಅವತ್ತು ಆ ಪುಸ್ತಕ ತೆಗೆದಿದ್ದು ನಾನು ನೋಡಲಿಲ್ಲ.