ಸೀಟು ಹಂಚಿಕೆ: ಸಂದರ್ಶನ ಮರಳಬೇಕೇ?

ಎಂಬಿಬಿಎಸ್ ಪ್ರವೇಶಕ್ಕೆ ನೀಟ್ ಅಂಕವೊಂದೇ ಮಾನದಂಡ. 2024ರ ಪ್ರಶ್ನೆಪತ್ರಿಕೆ ಸೋರಿಕೆಯ ನಂತರ ಈ ಅಳತೆಗೋಲಿನ ಮೇಲಿನ ವಿಶ್ವಾಸ ಸಡಿಲಗೊಂಡಿದೆ. ಆದ್ದರಿಂದ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ಈ ಶತಮಾನದ ಆರಂಭದಲ್ಲಿ ರೂಪಿಸಿದ ‘ಬಹು ಕಿರುಸಂದರ್ಶನ’ ಪದ್ಧತಿ ಗಮನಾರ್ಹ. ಇಲ್ಲಿ ಅಭ್ಯರ್ಥಿಯು ಸುಮಾರು ಹತ್ತು ಕೊಠಡಿಗಳನ್ನು ಸರದಿಯಂತೆ ಹಾದುಹೋಗುತ್ತಾನೆ. ಒಂದೊಂದರಲ್ಲೂ ಎಂಟು ನಿಮಿಷ, ಬೇರೆ ಸನ್ನಿವೇಶ, ಬೇರೆ ಪರೀಕ್ಷಕ. ಒಬ್ಬರ ಪೂರ್ವಗ್ರಹ ಇಡೀ ಫಲಿತಾಂಶವನ್ನು ಕೆಡಿಸಲಾರದು.

ನಮ್ಮ ರಾಜ್ಯಕ್ಕೆ ಸಂದರ್ಶನ ಹೊಸತಲ್ಲ. 1963ರಲ್ಲಿ ಮೈಸೂರು ಸರ್ಕಾರವು ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶದಲ್ಲಿ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟನ್ನು ಸಂದರ್ಶನಕ್ಕೆ ನಿಗದಿಪಡಿಸಿತ್ತು. ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಆ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ 1980ರಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಶೇ 15ರ ಮಿತಿ ಹೇಳಿತು. ಅಲ್ಲಿ ಎರಡು-ಮೂರು ನಿಮಿಷಗಳಲ್ಲಿ, ತಂದೆತಾಯಿಯ ವಿಚಾರ ಕೇಳಿ ವಿದ್ಯಾರ್ಥಿಗಳ ಭವಿಷ್ಯ ನಿರ್ಧರಿಸಲಾಗಿತ್ತು. 1994ರಲ್ಲಿ ಸ್ಥಾಪನೆಯಾದ ಸಿಇಟಿ ಘಟಕ ಜನರ ವಿಶ್ವಾಸ ಗಳಿಸಿದ್ದು ಮೌಖಿಕ ಪರೀಕ್ಷೆಯನ್ನು ದೂರವಿಟ್ಟ ಕಾರಣದಿಂದಲೇ.

ಶ್ರವಣಬೆಳಗೊಳದ ಸುತ್ತಲಿನ ಹಳ್ಳಿಗಳ ತೆಂಗು ಬೆಳೆಗಾರನ ಮಗಳಿಗೆ ಅಂಕಪಟ್ಟಿಯೇ ಶಿಫಾರಸು ಪತ್ರ. ಇಂಗ್ಲಿಷಿನಲ್ಲಿ ನಡೆಯುವ ಹತ್ತು ಕೊಠಡಿಗಳು ಅವಳ ಪಾಲಿಗೆ ಹತ್ತು ಅಡ್ಡಗೋಡೆಗಳಾದಾವು. ತರಬೇತಿ ಕೇಂದ್ರಗಳು ‘ಸಹಾನುಭೂತಿ’ಯನ್ನೂ ಮಾರಾಟಕ್ಕಿಟ್ಟಾವು. ವೆಚ್ಚವೂ ಕಡಿಮೆಯಲ್ಲ. 150 ಸೀಟುಗಳಿಗೆ 450 ಮಂದಿಯನ್ನು ಕರೆದರೆ, ಪರೀಕ್ಷಕರ 600 ಗಂಟೆಗಳು ಬೇಕು.

ಹಾಗೆಂದು ಈ ವಿಚಾರವನ್ನೇ ಕೈಬಿಡುವುದು ವಿವೇಕವಲ್ಲ. ಹಾಸನದ ರೋಗಿ ತನ್ನ ನೋವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ. ಅದನ್ನು ಆಲಿಸುವ ತಾಳ್ಮೆಯನ್ನು ಬಹು ಆಯ್ಕೆಯ ಪ್ರಶ್ನೆಗಳು ಅಳೆಯಲಾರವು. ನೀಟ್ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲೇ ಅಡಕವಾಗಿರುವುದರಿಂದ ರಾಜ್ಯ ಸರ್ಕಾರ ಅದನ್ನು ತಾನಾಗಿ ಬದಲಿಸಲಾಗದು. ಆದರೆ ಪ್ರಯೋಗಕ್ಕೆ ಅಡ್ಡಿಯಿಲ್ಲ. ಹಾಸನ ವೈದ್ಯಕೀಯ ವಿಜ್ಞಾನ ಸಂಸ್ಥೆಯಂಥ ಸರ್ಕಾರಿ ಕಾಲೇಜಿನಲ್ಲಿ, ಪ್ರವೇಶ ಪಡೆದವರಿಗೆ ಮೊದಲ ವಾರದಲ್ಲೇ ಕನ್ನಡದಲ್ಲಿ ಇಂಥ ಪರೀಕ್ಷೆ ನಡೆಸಲಿ. ಯಾರ ಸೀಟಿಗೂ ಅದು ತಟ್ಟದಿರಲಿ. ಐದಾರು ವರ್ಷಗಳ ಬಳಿಕ, ವಾರ್ಡುಗಳಲ್ಲಿನ ಅವರ ನಡವಳಿಕೆಯೊಂದಿಗೆ ಆ ಅಂಕಗಳನ್ನು ಹೋಲಿಸಿ ಫಲಿತಾಂಶ ಪ್ರಕಟಿಸಲಿ. ಹೊಂದಾಣಿಕೆ ಕಂಡುಬಂದರೆ ಮಾತ್ರ, ಶೇ 15ರ ಮಿತಿಯೊಳಗೆ, ಧ್ವನಿಮುದ್ರಣದ ಕಟ್ಟುಪಾಡಿನೊಂದಿಗೆ ಕಾಯ್ದೆ ತಿದ್ದುಪಡಿಯ ಮಾತು ಎತ್ತಬಹುದು.

ಪುರಾವೆಯಿಲ್ಲದ ಸುಧಾರಣೆಯ ಬೆಲೆಯನ್ನು ತೆರುವವರು ಯಾವಾಗಲೂ ಶಿಫಾರಸು ಇಲ್ಲದವರೇ.