ಏಡಿ ತಿಂದಿದ್ದಕ್ಕೂ ಅಲ್ಲ, ನೆಂಟಸ್ತನ ಮಾಡಿದ್ದಕ್ಕೂ ಅಲ್ಲ

ಹಂದಿಗೋಡು ಕಾಯಿಲೆ ಮಾತು ಬಂದಾಗೆಲ್ಲ ಓದಿಕೊಂಡವರೇ ನನ್ನ ಹತ್ರ ಹೇಳೋದು ಒಂದೇ ಮಾತು: "ಅವರು ಒಳಗೊಳಗೇ ಮದುವೆ ಆಗ್ತಾರಲ್ಲ, ಅದಕ್ಕೇ." ಇವತ್ತು ಈ ಮಾತಿಗೆ ಉತ್ತರ ಕೊಡ್ತೀನಿ. ಉದ್ದ ಇದೆ, ಪೂರ್ತಿ ಓದಿ.

ಗೊತ್ತಿಲ್ಲದವರಿಗೆ: ಇದು ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಮೂಳೆ-ಕೀಲಿನ ಕಾಯಿಲೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿದೆ. ಹೆಚ್ಚಾಗಿ ಚಲವಾದಿ, ಚನ್ನಂಗಿ ಸಮುದಾಯಗಳಲ್ಲಿ, ಅಂದ್ರೆ ಗದ್ದೆ ಕೂಲಿ ಮಾಡೋ ನಮ್ಮ ಜನರಲ್ಲಿ. ಸೊಂಟದ ಕೀಲು ಸವೆಯುತ್ತೆ, ನಡಿಗೆ ಓಲಾಡುತ್ತೆ, ಮೈ ಬಾಗುತ್ತೆ. ಆಮೇಲೆ ಕೋಲು. ಕೆಲವರಿಗೆ ಕೋಲೂ ಸಾಲದೆ ತೆವಳೋ ಸ್ಥಿತಿ. ಇನ್ನು ಕೆಲವರು ಎತ್ತರವೇ ಬೆಳೆಯಲ್ಲ.

ಮೊದಲು ಹೇಳಿದ್ದು ಏಡಿ ಕಥೆ. ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನು ತಿಂದು ಹೀಗಾಗಿರಬಹುದು ಅನ್ನೋ ಅನುಮಾನ. ಅನುಮಾನ ಪಡಲಿ, ಅದು ವಿಜ್ಞಾನದ ಕೆಲಸ. ಆದ್ರೆ ಊರಿನವರ ಬಾಯಲ್ಲಿ ಅದು ಏನಾಯ್ತು? "ಏಡಿ ತಿನ್ನೋರ ಕಾಯಿಲೆ." ವಿಷ ಹೊಡೆದ ಗದ್ದೆ ಯಾರದ್ದು ಅಂತ ಯಾರೂ ಕೇಳಲಿಲ್ಲ. ತಿಂದವರ ತಟ್ಟೆ ಮಾತ್ರ ಕಾಣಿಸಿತು.

1990ರ ದಶಕದ ಅಧ್ಯಯನಗಳು ಇದು ವಂಶವಾಹಿಯಿಂದ ಬರೋದು ಅಂತ ತೋರಿಸಿದವು. ಅದೂ ಪ್ರಬಲ ವಂಶವಾಹಿ. ಅಂದ್ರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಸಾಕು, ಹುಟ್ಟೋ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಗಂಡ ಹೆಂಡತಿ ರಕ್ತಸಂಬಂಧಿಗಳೇ ಆಗಿರಬೇಕಿಲ್ಲ. ಈಗ ಹೇಳಿ, "ಒಳಗೊಳಗೇ ಮದುವೆ ಆಗಿದ್ದಕ್ಕೆ" ಅನ್ನೋ ನಿಮ್ಮ ವಿಜ್ಞಾನ ಎಲ್ಲಿಂದ ಬಂತು? ಅಕ್ಕನ ಮಗಳನ್ನ, ಸೋದರಮಾವನ ಮಗಳನ್ನ ಮದುವೆಯಾಗೋದು ಈ ರಾಜ್ಯದಲ್ಲಿ ನಮ್ಮ ಕೇರಿಯಲ್ಲಿ ಮಾತ್ರ ಇದೆಯಾ?

ಕಾಯಿಲೆ ಕೆಲವೇ ಸಮುದಾಯಗಳೊಳಗೆ ಸುತ್ತುತ್ತಾ ಉಳಿದಿದೆ, ನಿಜ. ಆ ಬೇಲಿ ಹಾಕಿದ್ದು ನಾವಲ್ಲ ಸ್ವಾಮಿ. ಜಾತಿಯ ತಿರುಳೇ ಒಳಮದುವೆ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಮಂಡಿಸಿದ ಪ್ರಬಂಧದಲ್ಲಿ ತೋರಿಸಿದ್ದಾರೆ. ನಮಗೆ ಹೆಣ್ಣು ಕೊಡದವರು, ನಮ್ಮಿಂದ ಹೆಣ್ಣು ತರದವರು ಈಗ ನಮಗೇ ಬುದ್ಧಿ ಹೇಳ್ತಿದ್ದಾರೆ.

ಇನ್ನು ಚಿಕಿತ್ಸೆ. ಸವೆದ ಕೀಲನ್ನ ಮತ್ತೆ ಮೊದಲಿನಂತೆ ಮಾಡೋ ಮಾತ್ರೆ ಇಲ್ಲ. ಇರೋದು ನೋವಿನ ಮಾತ್ರೆ, ಫಿಸಿಯೋಥೆರಪಿ, ಪೂರ್ತಿ ಹಾಳಾದವರಿಗೆ ಕೀಲು ಬದಲಿಸೋ ಆಪರೇಷನ್. "ಕಾರ್ಡ್ ಇದೆಯಲ್ಲ" ಅಂತೀರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಒಪ್ಪಿದೆ. ಆದ್ರೆ ಆಪರೇಷನ್ ಆದವರಿಗೆ ವೈದ್ಯರು ಏನು ಹೇಳಿ ಕಳಿಸ್ತಾರೆ? ಕುಕ್ಕರಗಾಲಲ್ಲಿ ಕೂರಬೇಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಬೇಡಿ, ಭಾರ ಎತ್ತಬೇಡಿ. ಕಮೋಡ್ ಇಲ್ಲದ ಮನೆಯಲ್ಲಿ ಅವರು ಎಲ್ಲಿ ಕೂರಬೇಕು? ಬಗ್ಗದೆ ನಟ್ಟಿ ಮಾಡೋದು ಹೇಗೆ? ಕೂಲಿ ಬಿಟ್ಟ ತಿಂಗಳುಗಳಲ್ಲಿ ಒಲೆ ಹಚ್ಚೋರು ಯಾರು? ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ಸೊಂಟ ಹಿಡಿದುಕೊಂಡು ಬಸ್ಸಿನಲ್ಲಿ. ಹಾಕಿದ ಕೀಲೂ ಜೀವನಪೂರ್ತಿ ಬಾಳಿಕೆ ಬರಲ್ಲ. ಚಿಕ್ಕ ವಯಸ್ಸಿನಲ್ಲೇ ಹಾಕಿಸಿಕೊಂಡವರು ಮತ್ತೊಮ್ಮೆ ಆಪರೇಷನ್ ಟೇಬಲ್ ಹತ್ತಬೇಕಾಗಬಹುದು. ಆಗ ಯಾರನ್ನ ಕೇಳಬೇಕು?

ರಕ್ತ ತಗೊಂಡ್ರಿ, ಎಕ್ಸ್‌ರೇ ತಗೊಂಡ್ರಿ, ಫೋಟೋ ತಗೊಂಡ್ರಿ. ಇಂಗ್ಲಿಷ್ ಜರ್ನಲ್ಲುಗಳಲ್ಲಿ ಪ್ರಬಂಧ ಬಂತು, ಊರಿನ ಹೆಸರೇ ಕಾಯಿಲೆಯ ಹೆಸರಾಯ್ತು. ಕೊಟ್ಟಿದ್ದಕ್ಕೆ ಲೆಕ್ಕ ಕೇಳಿದ್ರೆ ಶಿಬಿರ, ಮಾಸಾಶನ ಅಂತೀರಿ. ಒಂದು ದಿನದ ಶಿಬಿರ ಚಿಕಿತ್ಸೆ ಅಲ್ಲ.

ನಮ್ಮ ಬೇಡಿಕೆ ಇಷ್ಟೇ.
1. ಪೀಡಿತ ಕುಟುಂಬಗಳ ಮಕ್ಕಳಿಗೆ ನಿಯಮಿತ ತಪಾಸಣೆ. ವಂಶವಾಹಿ ವಿಷಯವನ್ನ ಅವಮಾನ ಮಾಡದೆ, ಕನ್ನಡದಲ್ಲಿ ಕೂತು ವಿವರಿಸೋ ಆಪ್ತ ಸಮಾಲೋಚನೆ.
2. ಕೀಲು ಬದಲಿ, ಫಿಸಿಯೋಥೆರಪಿ, ಮುಂದಿನ ತಪಾಸಣೆ ಶಿವಮೊಗ್ಗದಲ್ಲೇ, ಸರ್ಕಾರದ ಖರ್ಚಲ್ಲಿ. ಆ ತಿಂಗಳುಗಳ ಕೂಲಿ ಪರಿಹಾರ, ಮನೆಗೆ ಕಮೋಡ್.
3. 2016ರ ವಿಕಲಚೇತನರ ಕಾಯ್ದೆಯ ಪ್ರಮಾಣಪತ್ರವನ್ನ ಕೇರಿಗೇ ಬಂದು ಕೊಡಿ. ನಡೆಯಲಾಗದವರನ್ನ ಕಚೇರಿಯಿಂದ ಕಚೇರಿಗೆ ನಡೆಸಬೇಡಿ.

ಕರುಣೆ ಕೇಳ್ತಿಲ್ಲ. ನಿಮ್ಮ ಗದ್ದೆಯಲ್ಲಿ ತಲೆಮಾರುಗಟ್ಟಲೆ ಬಗ್ಗಿದ ಸೊಂಟ ಇದು. ನಿಲ್ಲೋದಕ್ಕೆ ಹಕ್ಕು ಕೇಳ್ತಿದೆ.

ಹಂಚಿಕೊಳ್ಳಿ. ಜೈ ಭೀಮ್.